ಎರಡು ಗಿಡ್ಡ, ಒಂದು ಉದ್ದ

ಗಾಳಿಯ ಪೈಪಿನ ಬಾಯಿಯಿಂದ ಫಿಟ್ಟರ್ ಮತ್ತೊಂದು ಬಟ್ಟೆಯ ಉಂಡೆಯನ್ನು ಎಳೆದು ತೆಗೆದ. ಈ ವಾರದಲ್ಲಿ ಇದು ಮೂರನೆಯದು. ಸಿಟ್ಟು ನೆತ್ತಿಗೇರಿ ಅದನ್ನು ನೆಲಕ್ಕೆ ಬಡಿದ.

ನಾಳೆಯೇ ಉದ್ಘಾಟನೆ. ವ್ಯಾಗನ್ನುಗಳನ್ನು ಈ ಹಳಿಯಿಂದ ಆ ಹಳಿಗೆ ತಳ್ಳುತ್ತ ಯಾರ್ಡಿನಲ್ಲೇ ಆಯುಷ್ಯ ಕಳೆದ ಪುಟ್ಟ ಉಗಿ ಎಂಜಿನ್ನು ಈಗ ಉದ್ಯಾನದ ಕಟ್ಟೆಯ ಮೇಲೆ ಹೊಸ ಬಣ್ಣ ಬಳಿಸಿಕೊಂಡು ಮದುಮಗನಂತೆ ನಿಂತಿತ್ತು. ಬಾಯ್ಲರ್ ಸತ್ತು ಎಷ್ಟೋ ವರ್ಷ. ಕಂಪ್ರೆಸರ್ ಗಾಳಿಯಿಂದಲಾದರೂ ಸೀಟಿ ಊದಿಸಿಯೇ ತೀರುತ್ತೇನೆಂದು ಫಿಟ್ಟರ್ ಹಟ ಹಿಡಿದಿದ್ದ. ಇವನು ಟೀ ಕುಡಿದು ಬರುವಷ್ಟರಲ್ಲಿ ಯಾರೋ ಅದರ ಗಂಟಲು ಕಟ್ಟಿಸಿಬಿಡುತ್ತಿದ್ದರು.

ಹಟವೆಲ್ಲ ಅಮ್ಮನಿಗಾಗಿ. ಲಕ್ವ ಹೊಡೆದ ಮೇಲೆ ಅವಳು ಮಾತೇ ಬಿಟ್ಟಿದ್ದಳು. ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗ ಈ ಎಂಜಿನ್ನು ಎರಡು ಗಿಡ್ಡ, ಒಂದು ಉದ್ದ ಕೂಗಿದರೆ ಸಾಕು, ಅವಳು ಹಾಡು ಗುನುಗುತ್ತ ಟೀಗೆ ಒಲೆ ಹಚ್ಚುತ್ತಿದ್ದಳು. ಅದೇನು ಗ್ರಹಚಾರವೋ, ಸರಿಯಾಗಿ ಆಗಲೇ ಸಕ್ಕರೆ ಮುಗಿದಿರುತ್ತಿತ್ತು. ಇವನು ದೂರದ ಅಂಗಡಿಗೆ ಓಡಬೇಕಾಗುತ್ತಿತ್ತು. ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ ಅಪ್ಪ ಊರಲ್ಲಿರುತ್ತಿದ್ದುದೇ ಅಪರೂಪ. ಆ ಬಿಕೋ ಎನ್ನುವ ಮನೆಯಲ್ಲಿ ಅಮ್ಮನ ಮುಖ ಅರಳಿದ್ದೆಂದರೆ ಆ ಕೂಗಿಗೆ ಮಾತ್ರ. ಅದನ್ನು ಇನ್ನೊಮ್ಮೆ ಕೇಳಿದರೆ ಒಂದು ಮಾತಾದರೂ ಆಡಿಯಾಳು.

"ನಿನ್ನ ಕಣ್ಣೇನು ಬೆನ್ನಲ್ಲಿದೆಯಾ?" ಎಂದು ಕಾವಲುಗಾರನ ಮೇಲೆ ಹರಿಹಾಯ್ದ.

"ಇಲ್ಲಿಗೆ ಬರೋದು ನೀವು, ಡ್ರೈವರಮ್ಮ, ಇಬ್ಬರೇ ಸಾರ್. ದೆವ್ವ ಬಂದಿದ್ರೆ ನಂಗೊತ್ತಿಲ್ಲ."

ಡ್ರೈವರಮ್ಮ ಎಂದರೆ ಈ ಎಂಜಿನ್ನಿನ ಕೊನೆಯ ಡ್ರೈವರನ ಹೆಂಡತಿ. ಗಂಡ ತೀರಿಹೋಗಿದ್ದ. ನಾಳೆ ಸೀಟಿಯ ಸರಪಳಿ ಎಳೆಯುವ ಗೌರವ ಆಕೆಯದು. ದಿನಾ ಬಂದು ಹಿತ್ತಾಳೆಯ ಹಿಡಿಕೆಗಳನ್ನು ಉಜ್ಜಿ ಫಳಫಳ ಹೊಳೆಸುತ್ತಿದ್ದಳು.

"ಒಂದೇ ಉದ್ದ ಕೂಗು ಸಾಕಪ್ಪ," ಎಂದು ಮೊದಲ ದಿನವೇ ಕೇಳಿಕೊಂಡಿದ್ದಳು.

"ಆಗೋದೇ ಇಲ್ಲ ದೊಡ್ಡಮ್ಮ. ಎರಡು ಗಿಡ್ಡ, ಒಂದು ಉದ್ದ. ಅದು ನಿಮ್ಮ ಯಜಮಾನ್ರ ಗುರುತು."

"ಹೌದು, ಅವರ ಗುರುತೇ," ಎಂದು ಉಜ್ಜುತ್ತ ಕುಳಿತಿದ್ದಳು.

ಮಧ್ಯಾಹ್ನ ಫಿಟ್ಟರ್ ಟೀಗೆ ಹೊರಟವನಂತೆ ನಟಿಸಿ ಎಂಜಿನ್ನಿನ ಹಿಂದಿನಿಂದ ಸುತ್ತಿ ಬಂದ. ಪೈಪಿನ ಮುಂದೆ ಮೊಣಕಾಲೂರಿದ್ದ ಡ್ರೈವರಮ್ಮ ಹಳೇ ಸೀರೆಯ ತುಂಡನ್ನು ಬೆರಳಿಂದ ಒಳಗೆ ಒತ್ತುತ್ತಿದ್ದಳು.

ಅವನಿಗೆ ತಡೆಯಲಾಗಲಿಲ್ಲ. "ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು! ನಿಮ್ಮ ಗಂಡನ ನೆನಪಿಗೆ ಅಂತ ನಾನಿಲ್ಲಿ ಒದ್ದಾಡ್ತಿದ್ರೆ ನೀವೇ ಹಿಂಗಾ? ನಾಳೆ ನಮ್ಮಮ್ಮ ಮುಂದಿನ ಸಾಲಲ್ಲೇ ಕೂತಿರ್ತಾಳೆ. ಆ ಕೂಗು ಕೇಳಿದ್ರೆ ಅವಳು ಎಷ್ಟು ಖುಷಿಯಿಂದ ಒಲೆ ಹಚ್ತಿದ್ಲು, ನಿಮಗೇನು ಗೊತ್ತು?"

ಡ್ರೈವರಮ್ಮ ಪೈಪು ಹಿಡಿದುಕೊಂಡೇ ಮೆಲ್ಲನೆ ಎದ್ದಳು.

"ಗೊತ್ತು ಕಣಪ್ಪ. ಡ್ಯೂಟಿ ಮುಗಿಸಿ ನಮ್ಮನೆಗೆ ಬರೋ ದಿನ ಅವರು ಒಂದೇ ಉದ್ದ ಕೂಗಿಸ್ತಿದ್ರು. ಎರಡು ಗಿಡ್ಡ, ಒಂದು ಉದ್ದ ಕೇಳಿದ್ರೆ ನಾನು ಒಲೆ ಆರಿಸಿಬಿಡ್ತಿದ್ದೆ."