ಉಡಿ ಅಕ್ಕಿ

ಬೊಗಸೆ ತುಂಬ ಅಕ್ಕಿ, ಅದರ ಮೇಲೊಂದು ಕೊಬ್ಬರಿ ಬಟ್ಟಲು ಹಿಡಿದು ಫಕೀರವ್ವ ಮಗಳೆದುರು ನಿಂತಳು. ಕೂಸಿದ್ದಾಗಲೇ ಡೆನ್ಮಾರ್ಕಿಗೆ ದತ್ತು ಹೋದ ಸಪ್ನಾ ಖಾನಾಪುರದ ಈ ಮನೆಗೆ ಮೊದಲ ಸಲ ಬಂದವಳು, ಈಗ ಹೊರಟು ನಿಂತಿದ್ದಳು.

“ಉಡಿ ತುಂಬತೇನಿ, ದುಪಟ್ಟಾ ಒಡ್ಡು ಅಂತ ಹೇಳೋ ತಮ್ಮಾ,” ಎಂದಳು ಫಕೀರವ್ವ.

ಬೆಳಗಾವಿಯಿಂದ ದುಭಾಷಿಯಾಗಿ ಬಂದಿದ್ದ ಕಲ್ಮೇಶ ಇಂಗ್ಲಿಷಿನಲ್ಲಿ ‘ಫಿಲ್’ ಎಂದ. ಸಪ್ನಾ ಅದನ್ನೇ ಡೇನಿಷಿನಲ್ಲಿ ‘ಫ್ಯುಲೆ’ ಎಂದುಕೊಂಡಳು. ಕೊಡ ತುಂಬಲು, ಪೆಟ್ರೋಲ್ ತುಂಬಲು ಆ ಎರಡೂ ಪದ ಸಾಕು. ಈ ತವರು ನಿನ್ನದು, ಮತ್ತೆ ಬಾ ಎಂಬುದನ್ನು ಯಾವ ಕ್ರಿಯಾಪದದಲ್ಲಿ ಹೇಳಬೇಕೋ ಕಲ್ಮೇಶನಿಗೆ ಹೊಳೆಯಲಿಲ್ಲ.

ಅಕ್ಕಿ ದುಪಟ್ಟಾಕ್ಕೆ ಬಿತ್ತು. ವಿಮಾನದಲ್ಲಿ ಕಾಳುಕಡಿ ಬಿಡುವುದಿಲ್ಲ ಎಂದು ಸಪ್ನಾ ಇಂಗ್ಲಿಷಿನಲ್ಲಿ ಹೇಳಿ, ನಗುತ್ತಲೇ, ಒಂದು ಕಾಳೂ ಚೆಲ್ಲದಂತೆ ಅಷ್ಟನ್ನೂ ಮರಳಿ ತಾಯಿಯತ್ತ ಚಾಚಿದಳು.

“ಅಯ್ಯ, ಉಡಿ ಹೊಳ್ಳಿ ಕೊಡಬಾರದ್ರೀ! ತವರು ಮುಗದಂಗ...” ಕಲ್ಮೇಶ ಗಾಬರಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟ. ತಿಳಿಯದ ಸಪ್ನಾ ಅವನತ್ತಲೂ ನಕ್ಕಳು.

ಫಕೀರವ್ವ ತನ್ನ ಸೆರಗನ್ನೇ ಒಡ್ಡಿದಳು.