ಕೆಟಲಿನ ಕೆಂಪು ಹಕ್ಕಿ

ಶಿಳ್ಳೆ ಕೇಳಿಸಿದ್ದೇ ತಡ, ಬಸವಲಿಂಗ ಅಡುಗೆಮನೆಗೆ ಓಡಿದ. ಒಲೆಯ ಮೇಲೆ ಕೆಟಲು ಕುದಿಯುತ್ತಿತ್ತು. ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿಯೊಬ್ಬ ರೂಪಿಸಿದ್ದು. ನೀರು ಕುದ್ದರೆ ಮೂತಿಯ ಮೇಲಿನ ಕೆಂಪು ಹಕ್ಕಿ ಕೂಗಬೇಕು. ಎಷ್ಟೋ ವರ್ಷದಿಂದ ಅದು ಮೂಕವಾಗಿತ್ತು.

“ಹಕ್ಕಿಯೊಳಗ ಹಾಲಿನ ಕೆನಿ ಒಣಗಿ ಕೂತಿತ್ತಣ್ಣಾ. ಸೂಜಿ ಹಾಕಿ ತಗದೆ,” ಎಂದಳು ತಂಗಿ ಶಿವಾನಿ. ನಿನ್ನೆಯಷ್ಟೇ ಶಿವಾಜಿನಗರದ ಕೋರ್ಟಿನಲ್ಲಿ ವಿಚ್ಛೇದನ ಮುಗಿಸಿ ಬಂದ ಅಣ್ಣನಿಗೆ ಇಷ್ಟಾದರೂ ಖುಷಿಯಾಗಲಿ ಎಂದು ಅವಳ ಆಸೆ.

ಆ ಹಾಲು ಸುರಿದವಳು ಅವನ ಹೆಂಡತಿಯಾಗಿದ್ದ ಮಾಧುರಿ. ಮದುವೆಯಾದ ಹೊಸದರಲ್ಲಿ ಅವಳು ಹಾಲು, ಚಹಾಪುಡಿ, ಸಕ್ಕರೆ, ಶುಂಠಿ ಎಲ್ಲವನ್ನೂ ಇದರಲ್ಲೇ ಸುರಿದು ಕುದಿಸಿದ್ದಳು. ಹಾಲು ಉಕ್ಕಿ ಹಕ್ಕಿಯ ಬಾಯಿ ಕಟ್ಟಿತ್ತು. “ಇದರಾಗ ಬರೇ ನೀರು ಕಾಸೂದೇನ್ರಿ? ಚಹಾದ ಕೆಟಲಿಗೆ ಚಹಾನೇ ತೋರಿಸಬಾರದಂದ್ರ ಹೆಂಗ್ರಿ?” ಎಂದು ಬಿದ್ದುಬಿದ್ದು ನಕ್ಕಿದ್ದಳು. ಅವನು ಮಾತ್ರ ವಾರಗಟ್ಟಲೆ ಮುಖ ಗಂಟಿಕ್ಕಿಕೊಂಡಿದ್ದ.

ಹಕ್ಕಿ ಇನ್ನೂ ಕೂಗುತ್ತಿತ್ತು. ಬಸವಲಿಂಗ ಕೆಟಲು ಇಳಿಸಿ ನೀರನ್ನೆಲ್ಲ ಚೆಲ್ಲಿದ. ಫ್ರಿಜ್ಜಿನಿಂದ ಹಾಲಿನ ಪಾಕೀಟು ತೆಗೆದು ಹಲ್ಲಿನಿಂದಲೇ ಹರಿದ.

“ಅಣ್ಣಾ, ಅದರಾಗ ಹಾಲು ಹಾಕಬಾರದಂತ ನೀನೇ ಹೇಳ್ತಿದ್ದಿ!”

ಅವನು ಕಂಠದವರೆಗೆ ಹಾಲು ಸುರಿದು, ಕೆಟಲನ್ನು ಮತ್ತೆ ಒಲೆಗಿಟ್ಟು ಉರಿ ದೊಡ್ಡದು ಮಾಡಿ, ಅದು ಉಕ್ಕುವುದನ್ನೇ ಕಾಯುತ್ತ ನಿಂತ.