ಕೋಪನ್‌ಹೇಗನ್ನಿನ ನಾಲ್ಕು ಹೋಟೆಲು

ಗಂಡ ಸ್ನಾನಕ್ಕೆ ಹೋದದ್ದೇ ತಡ, ವೇದಾವತಿ ಅಶ್ವಿನ್‌ಗೆ ಫೋನ್ ಮಾಡಿದಳು. ಷವರಿನ ಸದ್ದು ನಿಲ್ಲುವುದರೊಳಗೆ ಮಾತು ಮುಗಿಯಬೇಕು.

“ಲಿಸ್ಟ್ ಸಿಕ್ತೇನಪ್ಪಾ?”

“ಈಗಷ್ಟೇ ಕಳಿಸ್ದೆ ಆಂಟಿ. ಕೋಪನ್‌ಹೇಗನ್‌ಗೆ ಹೋದ ಹೊಸದ್ರಲ್ಲಿ ಆದರ್ಶ ಈ ನಾಲ್ಕು ಹೋಟೆಲನ್ನೇ ಹೊಗಳ್ತಿದ್ದ. ಬಂದ್ರೆ ಇಲ್ಲಿ ಊಟ ಮಾಡ್ಲೇಬೇಕು ಅಂತಿದ್ದ. ಇದ್ರಲ್ಲೇ ಒಂದರ ಕಿಚನ್‌ನಲ್ಲಿ ಇರ್ಬೇಕು. ಯಾವ್ದು ಅಂತ ಗೊತ್ತಿಲ್ಲ. ಈಗ ನನ್ ಫೋನ್‌ಗೂ ಸಿಗಲ್ಲ ಅವ್ನು.”

“ನಿಮ್ಮ ಅಂಕಲ್ ಕಿವಿಗೆ ಬೀಳಬಾರ್ದು, ಆಯ್ತಾ?”

ಅಶ್ವಿನ್, ಆದರ್ಶನ ಕಾಲೇಜು ಗೆಳೆಯ. ಆದರ್ಶ, ವೇದಾವತಿ ಮತ್ತು ಶ್ರೀಕಂಠನ ಒಬ್ಬನೇ ಮಗ. ಐರ್ಲೆಂಡಿನ ಲೂಕನ್ ಊರಿನ ಇದೇ ಮನೆಯಲ್ಲಿ ಬೆಳೆದವನು, ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವನು. ಓದು ಅರ್ಧಕ್ಕೆ ಬಿಟ್ಟು ಅಡುಗೆ ಕಲಿಯಲು ಹೊರಟಾಗ ಅಪ್ಪ ಸೂರು ಹಾರಿಹೋಗುವಂತೆ ಕೂಗಿದ್ದ. “ಸೌಟು ಹಿಡಿಯೋದಾದ್ರೆ ಈ ಮನೆ ಬಾಗ್ಲು ತುಳೀಬೇಡ!”

ಆಗ ವೇದಾವತಿ ಚಪಾತಿ ಲಟ್ಟಿಸುತ್ತ ನಿಂತಿದ್ದಳು. ಮಗ ಒಮ್ಮೆ ಅವಳ ಕಡೆ ನೋಡಿದ. ಅವಳು ತಲೆ ಎತ್ತಲಿಲ್ಲ. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಅವನು ನಿಲ್ಲುತ್ತಿದ್ದ. ಅವನನ್ನು ಎದುರಿಗೆ ಕೂರಿಸಿಕೊಂಡು ‘ತಪ್ಪಾಯ್ತು ಕಂದಾ’ ಅನ್ನಬೇಕು. ಅಷ್ಟು ಬಿಟ್ಟರೆ ಅವಳಿಗೆ ಬದುಕಿನಲ್ಲಿ ಇನ್ನೇನೂ ಬೇಡ.

ಸಂಕ್ರಾಂತಿಗೆ, ಚೆನ್ನಾಗಿದ್ದೇನೆ ಎಂದು ಅವನದೊಂದು ಮೆಸೇಜು ಬಂದಿತ್ತು. “ಐ ಆ್ಯಮ್ ಗ್ರ್ಯಾಂಡ್, ಅಮ್ಮಾ.” ಅದೇ ಕೊನೆ. ಆಮೇಲೆ ಫೋನ್ ಸ್ವಿಚ್ ಆಫ್. ಅಮ್ಮನ ಮೇಲೂ ಸಿಟ್ಟು ಇರಬೇಡವೇ ಮತ್ತೆ?

ಗಂಡನದು ಬೇರೆಯೇ ಕಥೆ. ಮಾರ್ಚಿನಲ್ಲಿ ಆಫೀಸಿನ ಟ್ರೈನಿಂಗ್ ಎಂದು ನಾಲ್ಕು ದಿನ ಕಾರ್ಕ್ ನಗರಕ್ಕೆ ಹೋಗಿಬಂದ. ಬಂದವನು ಇನ್ನಷ್ಟು ಗಂಟುಮುಖ. ಯುಗಾದಿಗೆ ಹೋಳಿಗೆಗೆಂದು ಬೇಳೆ ತೆಗೆದರೆ ಡಬ್ಬಿಯನ್ನೇ ಕಸಿದು ಒಳಗಿಟ್ಟ. “ಈ ವರ್ಷ ನಮ್ಮನೇಲಿ ಹಬ್ಬ ಗಿಬ್ಬ ಏನೂ ಬೇಡ.” ಗೌರಿ ಹಬ್ಬಕ್ಕೆ ಆಡಮ್ಸ್‌ಟೌನಿನ ಗೆಳತಿ ಜ್ಯೋತ್ಸ್ನಾ ಕುಂಕುಮಕ್ಕೆ ಕರೆದರೂ ಕಳಿಸಲಿಲ್ಲ. ಮಗನ ಮೇಲಿನ ಸಿಟ್ಟನ್ನು ದೇವರ ಮೇಲೆ ತೀರಿಸುತ್ತಾನಲ್ಲ, ಇವನದೆಂಥ ಕಲ್ಲೆದೆ ಎಂದು ಅವಳು ಒಳಗೊಳಗೇ ಶಪಿಸಿದಳು.

ಹಾಗಾಗಿ ಸುಳ್ಳು ಹೇಳದೆ ಬೇರೆ ದಾರಿಯಿರಲಿಲ್ಲ.

“ರೀ, ನಮ್ಮ ಮದುವೆಯಾಗಿ ಮೂವತ್ತು ವರ್ಷ ಆಯ್ತು. ಕೋಪನ್‌ಹೇಗನ್‌ಗೆ ಹೋಗ್ಬರೋಣ. ಅಲ್ಲಿ ಹೋಟೆಲು ತುಂಬಾ ಚೆನ್ನಾಗಿರ್ತಾವಂತೆ.”

ಶ್ರೀಕಂಠ ಪಾತ್ರೆ ತೊಳೆಯುತ್ತಿದ್ದ. ನಲ್ಲಿ ನಿಲ್ಲಿಸಿದ. ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಂಡ. ವೇದಾವತಿ ಹತ್ತು ಜವಾಬು ಸಿದ್ಧ ಮಾಡಿಕೊಂಡಿದ್ದಳು. ಒಂದೂ ಬೇಕಾಗಲಿಲ್ಲ.

“ಹೂಂ. ಹೋಗೋಣ. ಒಂದಲ್ಲ ಒಂದಿನ ಹೋಗ್ಲೇಬೇಕಲ್ಲ.”

ಸದ್ಯ, ಮಗ ಅಲ್ಲಿರುವುದು ಇವನಿಗೆ ಗೊತ್ತಿಲ್ಲ, ಸಂಶಯವೂ ಬರಲಿಲ್ಲ ಎಂದು ಅವಳು ನಿಟ್ಟುಸಿರು ಬಿಟ್ಟಳು.

ಅಕ್ಟೋಬರಿನಲ್ಲಿ ಹೋದರು. ಮೆಟ್ರೋ ಸ್ಟೇಷನ್ನಿನಲ್ಲಿ ಅವಳು ಬೋರ್ಡು ಓದಲು ತಿಣುಕುತ್ತಿದ್ದರೆ, ಅವನು ಸೀದಾ ಎಡಗಡೆ ಮೆಟ್ಟಿಲು ಹತ್ತಿದ. ದಾರಿ ಸರಿಯಾಗಿಯೇ ಇತ್ತು. ಗಂಡಸರ ಗತ್ತು, ಗೊತ್ತಿಲ್ಲದಿದ್ದರೂ ಕೇಳುವವರಲ್ಲ ಎಂದುಕೊಂಡಳು.

ಮೊದಲನೆಯದು ಕಾಲುವೆ ಪಕ್ಕದ ಹೋಟೆಲು. ಕಪ್ಪು ಬ್ರೆಡ್ಡಿನ ಮೇಲೆ ಆಲೂಗಡ್ಡೆ ಬಿಲ್ಲೆ ಜೋಡಿಸಿ ಕೊಟ್ಟರು. ಟಾಯ್ಲೆಟ್ಟಿನ ನೆಪ ಹೇಳಿ ವೇದಾವತಿ ಅಡುಗೆಮನೆಗೆ ಇಣುಕಿದಳು. ಇಬ್ಬರು ಹುಡುಗಿಯರು, ಒಬ್ಬ ಮುದುಕ. ಎರಡನೆಯದರಲ್ಲಿ ಬರೀ ಗಂಜಿ. ನಮ್ಮ ಗಂಜಿಯೇ, ಮೇಲೆ ಸೇಬಿನ ಹೋಳು. ಅಲ್ಲಿಯೂ ಅವನಿಲ್ಲ. ಮೂರನೆಯದರಲ್ಲಿ ಬೀಟ್‌ರೂಟನ್ನು ಬೂದಿಯಲ್ಲಿ ಸುಟ್ಟು ತಂದಿಟ್ಟರು. ಆದರ್ಶನ ಹಾಗೆಯೇ ನೆತ್ತಿಯಲ್ಲಿ ಎರಡು ಸುಳಿಯಿದ್ದ ತಲೆಯೊಂದು ಕಂಡು ಅವಳು ಒಳಗೇ ಒಂದು ಹೆಜ್ಜೆ ಇಟ್ಟಳು. ತಿರುಗಿದರೆ ಬೇರೆ ಯಾರೋ.

ಶ್ರೀಕಂಠ ಎಲ್ಲ ಕಡೆಯೂ ಅಡುಗೆಮನೆಗೆ ಬೆನ್ನು ಹಾಕಿ ಕೂತ. ಅವಳು ಹತ್ತು ನಿಮಿಷ ತಡವಾಗಿ ಬಂದರೂ ಯಾಕೆಂದು ಕೇಳಲಿಲ್ಲ. ಎರಡು ಸಲ ಏನೋ ಹೇಳಲು ಬಾಯಿ ತೆರೆದ. ನೀರು ಕುಡಿದ.

ಮಾರನೆಯ ದಿನ ಮಧ್ಯಾಹ್ನ ನಾಲ್ಕನೆಯ ಹೋಟೆಲು. ಬಾಗಿಲಲ್ಲೇ ಶ್ರೀಕಂಠ ಅವಳ ಕೈ ಹಿಡಿದುಕೊಂಡ.

“ಇಲ್ಲಿ ಬೇಡ ವೇದಾ. ನಿನ್ ಹತ್ರ ಸ್ವಲ್ಪ ಮಾತಾಡ್ಬೇಕು.”

“ಊಟ ಮಾಡ್ತಾ ಮಾತಾಡೋಣ ಬನ್ರೀ!” ಕೈ ಬಿಡಿಸಿಕೊಂಡು ಅವಳು ಒಳಗೆ ನುಗ್ಗಿದಳು. ಉಳಿದಿರುವುದು ಇದೊಂದೇ. ಇಲ್ಲಿದ್ದೇ ಇರುತ್ತಾನೆ.

ಅಡುಗೆಮನೆಯಿಂದ ಏಪ್ರನ್ ಕಟ್ಟಿದ ಹೆಂಗಸೊಬ್ಬಳು ಬಂದಳು. ವೇದಾವತಿಯ ಹಿಂದೆ ನಿಂತಿದ್ದ ಶ್ರೀಕಂಠನನ್ನು ಕಂಡದ್ದೇ ಕೈಲಿದ್ದ ತಟ್ಟೆಗಳನ್ನು ಅಲ್ಲೇ ಇಟ್ಟು ಓಡಿಬಂದು ಅವನನ್ನು ತಬ್ಬಿಕೊಂಡಳು. ಆಮೇಲೆ ವೇದಾವತಿಯ ಎರಡೂ ಕೈ ಹಿಡಿದುಕೊಂಡಳು. “ಆದರ್ಶ್ ಮದರ್?” ಅವಳ ಕಣ್ಣು ತುಂಬಿತ್ತು.

ವೇದಾವತಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ಅಯ್ಯೋ ದೇವರೇ! ಕಾರ್ಕೂ ಇಲ್ಲ, ಟ್ರೈನಿಂಗೂ ಇಲ್ಲ! ಅವಳಿಗೆ ನಗು ಬಂತು, ಅಳು ಬಂತು, ಗಂಡನ ತೋಳಿಗೆ ಗುದ್ದಬೇಕೆನಿಸಿತು. ಗುದ್ದಿಯೂ ಬಿಟ್ಟಳು.

“ಎಂಥಾ ಕಳ್ಳರು ರೀ ನೀವು! ಮಾರ್ಚಲ್ಲಿ ಇಲ್ಲಿಗೇ ಬಂದಿದ್ರಾ? ನನ್ನ ಬಿಟ್ಟು ಒಬ್ರೇ ಬಂದು ಮಗನ್ನ ನೋಡ್ಕೊಂಡು ಹೋದ್ರಾ? ಹೋಗ್ಲಿ ಬಿಡಿ, ರಾಜಿಯಾದ್ರಲ್ಲ, ಅಷ್ಟು ಸಾಕು ನಂಗೆ. ಎಲ್ಲಿ, ಕರೀರಿ ಅವನ್ನ.”

ಅವಳು ಕುರ್ಚಿ ಎಳೆದು ಕೂತು, ಕೂದಲು ಸರಿಮಾಡಿಕೊಂಡು, ಅಡುಗೆಮನೆಯ ಬಾಗಿಲನ್ನೇ ನೋಡತೊಡಗಿದಳು. ಶ್ರೀಕಂಠ ಅವಳ ಕಾಲ ಬಳಿ ನೆಲದ ಮೇಲೆಯೇ ಕೂತ.

“ಬಂದಿದ್ದೆ ವೇದಾ. ಮಗೂಗೆ ಕೊಳ್ಳಿ ಇಡೋಕೆ ಬಂದಿದ್ದೆ.”